ಕ್ವಾರಿ, ಗಣಿಯಲ್ಲಿ ಪಾಲು ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ತರೀಕೆರೆ ಕಡೆಯಿಂದ ಕ್ವಾರಿಯ ಪಾಲುದಾರಿಕೆ ಪತ್ರ ಬರೆಸಲು ಹಾಸನಕ್ಕೆ ಬರುವವರು ಸಾಮಾನ್ಯವಾಗಿ ಎರಡೇ ವಿಷಯ ಮಾತಾಡಿಕೊಂಡು ಬಂದಿರುತ್ತಾರೆ: ಯಾರು ಎಷ್ಟು ಹಾಕುವುದು, ಲಾಭದಲ್ಲಿ ಯಾರಿಗೆ ಎಷ್ಟು. ಮುಂದೆ ಮನಸ್ತಾಪ ಆಗುವುದು ಮಾತ್ರ ಮಾತಾಡದೆ ಬಿಟ್ಟ ವಿಷಯಗಳಿಂದ. ಲೆಕ್ಕಪತ್ರ, ಕರಾರುಪತ್ರದ ಕೆಲಸ ಮಾಡುವ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ದೊಡ್ಡ ಗಣಿ ಕಂಪನಿಗಳ ಜಂಟಿ ಉದ್ಯಮಗಳ ಉದಾಹರಣೆಗಳೂ ಇವೆ. ನಾಲ್ಕು ಎಕರೆ ಕ್ವಾರಿಗೂ ಅದೇ ತೊಡಕುಗಳು ಬರುತ್ತವೆ ಎಂಬುದಕ್ಕಾಗಿ ಅವು.

50, 30, 20 ಅಂತ ಛಾಪಾ ಕಾಗದದಲ್ಲಿ ಬರೆದುಕೊಂಡಿದ್ದೇವೆ. ಇನ್ನೇನು ಬೇಕು?

ಆ ಮೂರು ಅಂಕಿ ಲಾಭ ಹಂಚುವ ದಿನಕ್ಕೆ ಸಾಕು. ಆ ದಿನ ಬರುವ ಮೊದಲು ಮೇಲ್ಮಣ್ಣು ತೆಗೆಸಬೇಕು, ಟಿಪ್ಪರ್ ಓಡಾಡಲು ದಾರಿ ಮಾಡಿಸಬೇಕು, ಕಂಪ್ರೆಸರ್, ಹಿಟಾಚಿ ತರಿಸಬೇಕು, ಪರಿಸರ ಅನುಮತಿಯ ಕಡತದ ಹಿಂದೆ ಓಡಾಡಬೇಕು. ಅಷ್ಟು ಹೊತ್ತಿಗೆ ಮೂರು ಪ್ರಶ್ನೆ ಏಳುತ್ತವೆ. ತೀರ್ಮಾನ ಯಾರದು? ಮುಂದಿನ ದುಡ್ಡು ಯಾರು ಹಾಕಬೇಕು? ಸಾಲ, ಕೇಸು ಬಂದರೆ ಯಾರ ತಲೆಗೆ? ಲಾಭದ ಪಾಲೇ ಈ ಮೂರಕ್ಕೂ ಉತ್ತರ ಎಂದುಕೊಂಡವರೇ ಹೆಚ್ಚು. ಕಾನೂನು ಹಾಗೆ ಹೇಳುವುದಿಲ್ಲ.

ಪತ್ರದಲ್ಲಿ ಬರೆಯದೆ ಬಿಟ್ಟ ಜಾಗವನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತುಂಬುತ್ತದೆ. ಅದರ 13ನೇ ಕಲಮು ಓದಿದರೆ ಬಹಳ ಜನಕ್ಕೆ ಆಶ್ಚರ್ಯವಾಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ನಷ್ಟವೂ ಎಲ್ಲರಿಗೂ ಸಮಪಾಲು, ಬಂಡವಾಳ ಯಾರದು ಎಷ್ಟೇ ಇರಲಿ. ದಿನವಿಡೀ ಕ್ವಾರಿಯಲ್ಲೇ ನಿಂತು ದುಡಿದವನಿಗೂ ಸಂಬಳ ಇಲ್ಲ. ಬಂಡವಾಳಕ್ಕಿಂತ ಹೆಚ್ಚಾಗಿ ಕೈಯಿಂದ ಹಾಕಿದ ಹಣಕ್ಕೆ ಮಾತ್ರ ವರ್ಷಕ್ಕೆ ಶೇಕಡಾ 6ರಷ್ಟು ಬಡ್ಡಿ. ಈ ಕಾಯ್ದೆ ಬಂದಾಗಿನ ಬಡ್ಡಿ ದರ ಅದು. ಇವತ್ತು ಹಿಟಾಚಿ ಕಂತಿನ ಬಡ್ಡಿ ಕಟ್ಟುತ್ತಿರುವವರಿಗೆ ಅದು ಯಾವ ಲೆಕ್ಕಕ್ಕೂ ಸಾಲದು. ಆದ್ದರಿಂದ ಸಂಬಳ, ಬಡ್ಡಿ, ನಷ್ಟದ ಪಾಲು ಮೂರನ್ನೂ ಅಂಕಿ ಸಮೇತ ಬರೆಯಿರಿ.

ಜಂಟಿ ಉದ್ಯಮ ಅಂದರೆ ಪಾಲುದಾರಿಕೆ ಸಂಸ್ಥೆಯೇ, ಕಂಪನಿಯೇ?

ಎರಡೂ ಆಗಬಹುದು. ನಮ್ಮ ಕಡೆ ಹೆಚ್ಚಿನವು ಪಾಲುದಾರಿಕೆ ಸಂಸ್ಥೆಗಳು. ಬಂಡವಾಳ ದೊಡ್ಡದಾದರೆ ಖಾಸಗಿ ಕಂಪನಿ, ಇಲ್ಲವೇ 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ). ಹೊರದೇಶಗಳ ದೊಡ್ಡ ಗಣಿಗಳಲ್ಲಿ ಮತ್ತೊಂದು ಬಗೆಯೂ ಇದೆ. ಅಲ್ಲಿ ಹೊಸ ಸಂಸ್ಥೆಯನ್ನೇ ಕಟ್ಟುವುದಿಲ್ಲ. ಕರಾರಿನ ಮೇಲೆ ಒಬ್ಬೊಬ್ಬರು ತಮ್ಮ ಪಾಲಿನ ಖರ್ಚು ಹಾಕಿ, ತಮ್ಮ ಪಾಲಿನ ಅದಿರನ್ನೇ ಒಯ್ದು ಮಾರಿಕೊಳ್ಳುತ್ತಾರೆ.

ವ್ಯತ್ಯಾಸ ಎದ್ದು ಕಾಣುವುದು ಹೊಣೆಯಲ್ಲಿ. ಕಂಪನಿ, ಎಲ್‌ಎಲ್‌ಪಿಯಲ್ಲಿ ಸಾಮಾನ್ಯವಾಗಿ ಹಾಕಿದ ಬಂಡವಾಳದವರೆಗೆ ಹೊಣೆ. ಪಾಲುದಾರಿಕೆ ಸಂಸ್ಥೆಯಲ್ಲಿ ಮನೆ, ತೋಟದವರೆಗೂ ಬರುತ್ತದೆ.

ನನ್ನದು ಶೇಕಡಾ 51. ಎಲ್ಲ ನನ್ನ ಮಾತಿನಂತೆ ನಡೆಯಬೇಕಲ್ಲವೇ?

ಕಂಪನಿಯಾದರೆ ದಿನನಿತ್ಯದ ನಿರ್ಣಯಗಳಿಗೆ 51 ಸಾಕು. ಆದರೆ ಕಂಪನಿಯ ನಿಯಮಾವಳಿ ತಿದ್ದುವಂಥ ವಿಷಯಕ್ಕೆ ವಿಶೇಷ ನಿರ್ಣಯ ಬೇಕು. ಅದಕ್ಕೆ ವಿರೋಧದ ಮತಕ್ಕೆ ಮೂರರಷ್ಟು ಪರ ಮತ ಬೀಳಬೇಕು. ಹಾಗಾಗಿ ಶೇಕಡಾ 25ಕ್ಕಿಂತ ಸ್ವಲ್ಪ ಹೆಚ್ಚು ಇಟ್ಟುಕೊಂಡವನು ದೊಡ್ಡ ಬದಲಾವಣೆಗಳನ್ನು ತಡೆದು ನಿಲ್ಲಿಸಬಲ್ಲ. ಚಿಕ್ಕ ಪಾಲಿನವರು ಚೌಕಾಸಿ ಮಾಡುವಾಗ 20 ಮತ್ತು 26ರ ನಡುವಿನ ಆರು ಅಂಕಿಗೆ ಅಷ್ಟೊಂದು ಪಟ್ಟು ಹಿಡಿಯುವುದು ಇದಕ್ಕೇ. ಅದು ಸರಿಯಾದ ಪಟ್ಟು.

ಪಾಲುದಾರಿಕೆ ಸಂಸ್ಥೆಯಲ್ಲಿ ಇನ್ನೊಂದು ತಿರುವು ಇದೆ. ಪತ್ರದಲ್ಲಿ ಬೇರೆ ಬರೆಯದಿದ್ದರೆ, ಸಾಮಾನ್ಯ ವ್ಯವಹಾರದ ಭಿನ್ನಾಭಿಪ್ರಾಯ ತೀರ್ಮಾನವಾಗುವುದು ತಲೆ ಎಣಿಕೆಯ ಮೇಲೆ. 70ರ ಪಾಲುದಾರ ಒಬ್ಬ, 15ರವರು ಇಬ್ಬರು ಇದ್ದರೆ ಆ ಇಬ್ಬರ ಮಾತೇ ನಡೆಯುತ್ತದೆ. ವ್ಯವಹಾರದ ಸ್ವರೂಪವನ್ನೇ ಬದಲಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ಸೈಜು ಕಲ್ಲು ತೆಗೆಯಲು ಸೇರಿದವರಲ್ಲಿ ಕೆಲವರು ನಾಳೆ ಎಂ ಸ್ಯಾಂಡ್ ಘಟಕ ಹಾಕೋಣ ಎಂದರೆ ಈ ಪ್ರಶ್ನೆ ನೇರವಾಗಿ ಏಳುತ್ತದೆ.

ಯಾರಿಗೂ ಬಹುಮತ ಇಲ್ಲದಂತೆ ಕಟ್ಟಿದ ಉದ್ಯಮಗಳೂ ಇವೆ. ಹೊರದೇಶದಲ್ಲಿ ಲಿಥಿಯಂ, ಕೋಬಾಲ್ಟ್‌ನಂಥ ಖನಿಜ ಹುಡುಕಲು 2019ರಲ್ಲಿ ಸ್ಥಾಪನೆಯಾದ ಖನಿಜ್ ಬಿದೇಶ್ ಇಂಡಿಯಾದಲ್ಲಿ ಕೇಂದ್ರ ಸರ್ಕಾರದ ಮೂರು ಕಂಪನಿಗಳಿಗೆ ಪಾಲು: ಅಲ್ಯೂಮಿನಿಯಂ ಕಂಪನಿ ನಾಲ್ಕೋಗೆ ಶೇಕಡಾ 40, ಹಿಂದೂಸ್ತಾನ್ ಕಾಪರ್ ಮತ್ತು ಖನಿಜ ಅನ್ವೇಷಣೆಯ ಎಂಇಸಿಎಲ್‌ಗೆ ತಲಾ 30. ಇಬ್ಬರು ಒಪ್ಪದೆ ಯಾವುದೂ ಮುಂದೆ ಹೋಗುವಂತಿಲ್ಲ. ಚಿಲಿಯ ಎಸ್ಕೊಂಡಿಡಾ ತಾಮ್ರದ ಗಣಿಯಲ್ಲಿ ದೊಡ್ಡ ಗಣಿ ಕಂಪನಿಗಳಾದ ಬಿಎಚ್‌ಪಿಗೆ 57.5, ರಿಯೊ ಟಿಂಟೊಗೆ 30, ಉಳಿದದ್ದು ಜಪಾನಿನವರಿಗೆ. ಗಣಿ ನಡೆಸುವ ಹೊಣೆ ಬಿಎಚ್‌ಪಿಯದು. ಮಂಗೋಲಿಯಾದ ಒಯು ತೊಲ್ಗೊಯ್‌ನಲ್ಲಿ ರಿಯೊ ಟಿಂಟೊಗೆ 66, ಅಲ್ಲಿನ ಸರ್ಕಾರಕ್ಕೆ 34.

ಸ್ನೇಹಿತರಿಬ್ಬರು ಸಮ ಸಮ 50 ಇಟ್ಟುಕೊಂಡರೆ?

ಇಟ್ಟುಕೊಳ್ಳಿ, ಆದರೆ ಮಾತು ಮುರಿದ ದಿನ ಏನು ಮಾಡಬೇಕೆಂದು ಮಾತು ಚೆನ್ನಾಗಿರುವಾಗಲೇ ಬರೆದಿಡಿ. ಕ್ವಾರಿ ವ್ಯವಹಾರ ಬಲ್ಲ ಮೂರನೆಯವರೊಬ್ಬರನ್ನು ಇಬ್ಬರೂ ಒಪ್ಪಿ ಮೊದಲೇ ಸೂಚಿಸಬಹುದು. ಅಥವಾ ಒಬ್ಬ ಬೆಲೆ ಹೇಳುವುದು, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಇನ್ನೊಬ್ಬನ ಆಯ್ಕೆ, ಹೀಗೂ ಬರೆಯುತ್ತಾರೆ. ಎರಡನೆಯದು ಕೇಳಲು ನ್ಯಾಯವಾಗಿದೆ. ಆದರೆ ಕೈಯಲ್ಲಿ ರೊಕ್ಕ ಇರುವವನಿಗೇ ಅದು ಅನುಕೂಲ. ಇಬ್ಬರ ಹಣಬಲ ಬೇರೆ ಬೇರೆ ಇದ್ದರೆ ಹಾಗೆ ಬರೆಯಿರಿ ಎಂದು ನಾವು ಹೇಳುವುದಿಲ್ಲ.

ಕ್ವಾರಿ ನೋಡಿಕೊಳ್ಳುವ ವರ್ಕಿಂಗ್ ಪಾರ್ಟ್‌ನರ್ ಏನೇನು ಮಾಡಬಹುದು, ಏನು ಕೇಳಿ ಮಾಡಬೇಕು?

ದೊಡ್ಡ ಗಣಿಗಳ ಕರಾರಿನಲ್ಲಿ ಈ ಭಾಗವೇ ಎಲ್ಲಕ್ಕಿಂತ ಉದ್ದ ಇರುತ್ತದೆ. ಗಣಿ ನಡೆಸುವವನು ವರ್ಷದ ಆರಂಭದಲ್ಲಿ ಕೆಲಸದ ಪಟ್ಟಿ, ಖರ್ಚಿನ ಅಂದಾಜು ಕೊಡುತ್ತಾನೆ. ಎಲ್ಲ ಪಾಲುದಾರರು ಕೂತ ಸಮಿತಿ ಒಪ್ಪುತ್ತದೆ. ಅಂದಾಜು ಒಂದು ಮಿತಿ ಮೀರಿದರೆ ಮತ್ತೆ ಸಮಿತಿಗೆ ಬರಬೇಕು.

ನಮ್ಮ ಕ್ವಾರಿಗೂ ಇದನ್ನೇ ಚಿಕ್ಕದಾಗಿ ಬರೆಯಬಹುದು. ಇಂತಿಷ್ಟು ಮೊತ್ತದವರೆಗೆ ಡೀಸೆಲ್, ಬಿಡಿಭಾಗ, ಕೂಲಿ ವರ್ಕಿಂಗ್ ಪಾರ್ಟ್‌ನರ್ ಒಬ್ಬನೇ ಕೊಡಬಹುದು. ಯಂತ್ರ ಕೊಳ್ಳುವುದು, ಸಾಲ ಎತ್ತುವುದು, ಉದ್ದರಿಯ ಮಿತಿ, ಬ್ಲಾಸ್ಟಿಂಗ್ ಗುತ್ತಿಗೆ ಬದಲಿಸುವುದು ಎಲ್ಲರ ಸಹಿಗೆ ಬರಬೇಕು. ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ. ಅವನ ಸಂಬಳ ಲಾಭದ ಪಾಲಿನಿಂದ ಬೇರೆ ಇರಲಿ. ಸಂಬಳ ಕೊಡದೆ ದುಡಿಸಿಕೊಂಡರೆ ಆ ಕೊರತೆಯನ್ನು ಅವನು ಡೀಸೆಲ್ ಬಿಲ್ಲಿನಲ್ಲಿ ತುಂಬಿಕೊಂಡಾನು ಎಂಬ ಅನುಮಾನ ಬೇರೆಯವರಿಗೆ ಸದಾ ಕಾಡುತ್ತಿರುತ್ತದೆ. ಅವನು ಪ್ರಾಮಾಣಿಕನಾಗಿದ್ದರೂ ಆ ಅನುಮಾನ ಹೋಗುವುದಿಲ್ಲ. ಇದು ಅವನಿಗೂ ಅನ್ಯಾಯ.

ನಾನು ಬೆಂಗಳೂರಿನಲ್ಲಿರುತ್ತೇನೆ. ಲೆಕ್ಕ ಕೇಳಿದರೆ "ನಂಬಿಕೆ ಇಲ್ಲವಾ ಅಣ್ಣಾ" ಅನ್ನುತ್ತಾರೆ.

ಲೆಕ್ಕದ ಪುಸ್ತಕ ನೋಡುವುದು, ನಕಲು ತೆಗೆದುಕೊಳ್ಳುವುದು ಪಾಲುದಾರನ ಹಕ್ಕು. ಪಾಲುದಾರಿಕೆ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ದುಡ್ಡು ಮಾತ್ರ ಹಾಕಿದ ಸ್ಲೀಪಿಂಗ್ ಪಾರ್ಟ್‌ನರ್ ಆದರೂ ಅಷ್ಟೇ. ಕೇಳುವುದಕ್ಕೆ ಸಂಕೋಚಪಡಬೇಡಿ.

ಏನನ್ನು ನೋಡಬೇಕು ಎಂಬುದು ಮುಖ್ಯ. ಲಾಭನಷ್ಟದ ಪಟ್ಟಿಗಿಂತ ಮೊದಲು ವೇಬ್ರಿಜ್ ಚೀಟಿಗಳನ್ನು ನೋಡಿ. ಒಂದೊಂದು ಚೀಟಿಯಲ್ಲೂ ಟಿಪ್ಪರ್ ನಂಬರ್, ಲೋಡ್ ತೂಕ, ಖಾಲಿ ತೂಕ, ಗಂಟೆ ನಿಮಿಷ ಇರುತ್ತದೆ. ಗಣಿ ಇಲಾಖೆ ಕೊಟ್ಟ ಅದೇ ದಿನದ ಸಾಗಣೆ ಪರ್ಮಿಟ್‌ಗಳನ್ನು ಪಕ್ಕದಲ್ಲಿಟ್ಟು ತಾಳೆ ಹಾಕಿ. ಒಂದೇ ಟಿಪ್ಪರ್‌ನ ಖಾಲಿ ತೂಕ ದಿನಕ್ಕೊಂದು ಬಗೆ ಬರೆದಿದ್ದರೆ, ತೂಕದ ಚೀಟಿ ಇದ್ದು ಪರ್ಮಿಟ್ ಇಲ್ಲದ ಲೋಡ್ ಕಂಡರೆ, ಅಲ್ಲಿ ನಿಲ್ಲಿ. ಪರ್ಮಿಟ್ ಇಲ್ಲದೆ ಹೋದ ಲೋಡಿನ ದುಡ್ಡು ಒಬ್ಬರ ಜೇಬಿಗೆ ಹೋಗಿರಬಹುದು, ಇಲಾಖೆ ಹಾಕುವ ದಂಡ ಮಾತ್ರ ಸಂಸ್ಥೆಯ ಮೇಲೆ ಬೀಳುತ್ತದೆ.

ಪಾಲುದಾರರಲ್ಲಿ ಒಬ್ಬರಿಗೆ ಸ್ವಂತ ಕ್ರಷರ್ ಇದೆ. ಕಲ್ಲು ಅಲ್ಲಿಗೇ ಹೋಗುತ್ತದೆ. ಅನುಕೂಲವೇ ತಾನೆ?

ಅನುಕೂಲ ಹೌದು. ಗಿರಾಕಿ ಹುಡುಕುವ ಕಷ್ಟ ಇಲ್ಲ. ಆದರೆ ಜಂಟಿ ಗಣಿಗಾರಿಕೆಯಲ್ಲಿ ಹಣ ಸದ್ದಿಲ್ಲದೆ ಸೋರುವ ಜಾಗವೂ ಇದೇ. ನಮ್ಮ ಎರಡು ಜಿಲ್ಲೆಗಳಲ್ಲಿ ಪಾಲುದಾರಿಕೆ ಪತ್ರ ಬರೆಸುವವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದ್ದು ಈ ಒಂದು ವಿಷಯಕ್ಕೆ ಎಂದು ನಮ್ಮ ಗಟ್ಟಿ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ಹೊರಗಿನವರಿಗೆ ಕ್ವಾರಿ ಬಾಯಲ್ಲಿ ಟನ್ನಿಗೆ 300 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಕ್ರಷರ್ ಇರುವ ಪಾಲುದಾರ 220ಕ್ಕೆ ಒಯ್ಯುತ್ತಾನೆ. ತಿಂಗಳಿಗೆ 5,000 ಟನ್. ಸಂಸ್ಥೆಗೆ ಆದ ಖೋತಾ 4 ಲಕ್ಷ. ಅವನದು ಅರ್ಧ ಪಾಲು ಎಂದರೆ ಕ್ವಾರಿಯ ಲಾಭದಲ್ಲಿ ಅವನಿಗೆ 2 ಲಕ್ಷ ಕಡಿಮೆಯಾಯಿತು, ಆದರೆ ಕ್ರಷರ್‌ನಲ್ಲಿ 4 ಲಕ್ಷ ಉಳಿಯಿತು. ಮಿಕ್ಕ 2 ಲಕ್ಷ ಉಳಿದ ಪಾಲುದಾರರ ಜೇಬಿನಿಂದ ಹೋದದ್ದು. ಯಾವ ಪುಸ್ತಕದಲ್ಲೂ ಇದು ನಷ್ಟ ಎಂದು ಕಾಣುವುದಿಲ್ಲ, ಮಾರಾಟ ಎಂದೇ ಕಾಣುತ್ತದೆ. ಪಾಲುದಾರನ ಸ್ವಂತ ಟಿಪ್ಪರ್ ಬಾಡಿಗೆ, ಸ್ವಂತ ಹಿಟಾಚಿಯ ಗಂಟೆ ಲೆಕ್ಕ, ತಮ್ಮನ ಬಂಕಿನ ಡೀಸೆಲ್, ಎಲ್ಲವೂ ಇದೇ ಜಾತಿ.

ಸಂಸ್ಥೆಯ ವ್ಯವಹಾರದಿಂದ ಪಾಲುದಾರ ತನಗಾಗಿ ಗಳಿಸಿದ ಲಾಭವನ್ನು ಸಂಸ್ಥೆಗೆ ಒಪ್ಪಿಸಬೇಕು ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಆದರೆ ಕೋರ್ಟಿನಲ್ಲಿ ಸಾಧಿಸುವುದಕ್ಕಿಂತ ಪತ್ರದಲ್ಲಿ ಬರೆದಿಡುವುದು ಸುಲಭ. ಹೊರಗಿನ ಗಿರಾಕಿಗೆ ಕಳೆದ ಮೂರು ತಿಂಗಳು ಕೊಟ್ಟ ಸರಾಸರಿ ದರಕ್ಕಿಂತ ಕಡಿಮೆಗೆ ಪಾಲುದಾರನಿಗೆ ಕೊಡಬಾರದು, ಅವನಿಗೆ ಸಂಬಂಧಪಟ್ಟ ದರ ತೀರ್ಮಾನಿಸುವಾಗ ಅವನ ಮತ ಎಣಿಕೆಗೆ ಬರಬಾರದು. ಈ ಎರಡು ಸಾಲು ಸಾಕು.

ಜಮೀನು ನನ್ನದು. ಪಾಲು ಕೇಳಲೇ, ಟನ್ನಿಗೆ ಇಷ್ಟು ಅಂತ ಕೇಳಲೇ?

ಪಾಲು ಕೇಳಿದರೆ ನಷ್ಟ, ಸಾಲ, ಕೇಸುಗಳಲ್ಲೂ ನೀವು ಪಾಲುದಾರರು. ಟನ್ನಿಗೆ ಇಷ್ಟು ಎಂದರೆ ಕಲ್ಲು ಹೊರಗೆ ಹೋದಷ್ಟೂ ನಿಮಗೆ ದುಡ್ಡು, ಅವರಿಗೆ ಲಾಭ ಬಂತೋ ಬಿಟ್ಟಿತೋ ನಿಮಗೆ ಬೇಡ. ವಯಸ್ಸಾದವರು, ತೆಂಗಿನ ತೋಟವನ್ನೇ ನಂಬಿರುವವರು ಟನ್ನಿನ ಲೆಕ್ಕಕ್ಕೇ ಹೋಗುವುದು ಕ್ಷೇಮ. ಅದರ ಜೊತೆಗೆ ಕೆಲಸ ನಿಂತರೂ ವರ್ಷಕ್ಕೆ ಇಷ್ಟು ಕನಿಷ್ಠ ಕೊಡಬೇಕು ಎಂದು ಬರೆಸಿ. ಇಲ್ಲದಿದ್ದರೆ ಗುತ್ತಿಗೆ ಹಿಡಿದು ಕಲ್ಲು ತೆಗೆಯದೆ ಕೂತವರಿಂದ ನಿಮಗೆ ಬಿಡಿಗಾಸೂ ಬರುವುದಿಲ್ಲ. ಸ್ವಂತ ಪಹಣಿ ಜಮೀನಾದರೂ ಇಲಾಖೆಯ ಗುತ್ತಿಗೆ, ರಾಯಲ್ಟಿ ಯಾವುದೂ ತಪ್ಪುವುದಿಲ್ಲ.

ಲೀಸ್ ಒಬ್ಬರ ಹೆಸರಿನಲ್ಲಿದೆ. ದುಡ್ಡೆಲ್ಲ ನಮ್ಮದು. ಒಳಗೊಳಗೇ ಕರಾರು ಮಾಡಿಕೊಂಡರೆ ಆಗದೇ?

ಬೇಡ. ಸರ್ಕಾರದ ಕಣ್ಣಿನಲ್ಲಿ ಗಣಿ ಲೀಸುದಾರನದು, ನೀವು ಯಾರೂ ಅಲ್ಲ. ಬಳ್ಳಾರಿಯಲ್ಲಿ ಇದನ್ನೇ ರೈಸಿಂಗ್ ಕಾಂಟ್ರಾಕ್ಟ್ ಎನ್ನುತ್ತಿದ್ದರು. ಲೀಸು ಒಬ್ಬರದು, ಅದಿರು ತೆಗೆದು ಮಾರುವವರು ಇನ್ನೊಬ್ಬರು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳು ಎತ್ತಿ ತೋರಿಸಿದ ಅಕ್ರಮಗಳಲ್ಲಿ ಅದೂ ಒಂದು. ಪೂರ್ವಾನುಮತಿ ಇಲ್ಲದೆ ಲೀಸನ್ನು ಬೇರೆಯವರ ಹಿಡಿತಕ್ಕೆ ಕೊಡುವುದನ್ನು 1960ರ ಖನಿಜ ರಿಯಾಯಿತಿ ನಿಯಮಗಳ 37ನೇ ನಿಯಮವೇ ತಡೆದಿತ್ತು. ಹಣ ಹಾಕುವವರು ಪಾಲುದಾರರಾಗಿ ಇಲಾಖೆಯ ದಾಖಲೆಯಲ್ಲೇ ಬರಲಿ, ಸೇರುವಾಗಲೂ ಬಿಡುವಾಗಲೂ.

ಅಣ್ಣ ಅಮೆರಿಕದಲ್ಲಿದ್ದಾನೆ, ಅಲ್ಲಿನ ಪೌರತ್ವ ಆಗಿದೆ. ಅವನನ್ನೂ ಸೇರಿಸಬಹುದೇ?

ಯಾವ ಖನಿಜ ಎಂಬುದರ ಮೇಲೆ ಹೋಗುತ್ತದೆ. ಕಟ್ಟಡದ ಕಲ್ಲು ಉಪಖನಿಜ, ಅದು ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳಿಗೆ ಒಳಪಟ್ಟದ್ದು. ನುಗ್ಗೇಹಳ್ಳಿ, ಬೈರಾಪುರ ಭಾಗದ ಕ್ರೋಮೈಟ್, ಕಬ್ಬಿಣದ ಅದಿರು ಪ್ರಧಾನ ಖನಿಜಗಳು. ಅವಕ್ಕೆ ಕೇಂದ್ರದ 1957ರ ಕಾಯ್ದೆ, 2015ರಿಂದ ಹರಾಜು. ಆ ಕಾಯ್ದೆಯ 5ನೇ ಕಲಮಿನಂತೆ ಪಾಲುದಾರಿಕೆ ಸಂಸ್ಥೆಯ ಎಲ್ಲ ಸದಸ್ಯರೂ ಭಾರತದ ಪೌರರೇ ಆಗಿರಬೇಕು. ಭಾರತದಲ್ಲಿ ನೋಂದಾಯಿಸಿದ ಕಂಪನಿಯಾದರೆ ಲೆಕ್ಕ ಬೇರೆ.

ಎರಡನೇ ಕಂತು ಹಾಕಲು ನನ್ನ ಕೈಯಲ್ಲಿ ಆಗಲಿಲ್ಲ. ಪಾಲು ಕಳೆದುಕೊಳ್ಳುತ್ತೇನೆಯೇ?

ಪತ್ರದಲ್ಲಿ ಹಾಗೆ ಬರೆದಿದ್ದರೆ ಪಾಲು ಕರಗುತ್ತದೆ. ಎಷ್ಟು ಎಂಬುದು ಸೂತ್ರದ ಮೇಲೆ. ಮೊದಲ ಸುತ್ತಿನಲ್ಲಿ 2 ಕೋಟಿ, 50–30–20ರಂತೆ 1 ಕೋಟಿ, 60 ಲಕ್ಷ, 40 ಲಕ್ಷ ಹಾಕಿದ್ದೀರಿ. ಎರಡನೇ ಸುತ್ತಿಗೆ 60 ಲಕ್ಷ ಬೇಕು. 20ರವರ ಪಾಲಿನ 12 ಲಕ್ಷ ಬರಲಿಲ್ಲ. ಉಳಿದಿಬ್ಬರು ಆ 12 ಲಕ್ಷವನ್ನೂ ತಮ್ಮ ಪಾಲಿನ ಪ್ರಮಾಣದಲ್ಲಿ ಹಾಕಿದರು. ಈಗ ಒಟ್ಟು 260 ಲಕ್ಷದಲ್ಲಿ ಮೊದಲನೆಯವರದು 137.5, ಎರಡನೆಯವರದು 82.5, ಮೂರನೆಯವರದು 40 ಲಕ್ಷವೇ. ಪಾಲು ಕ್ರಮವಾಗಿ 52.88, 31.73, 15.38.

ಕೆಲವು ಕರಾರುಗಳಲ್ಲಿ ದಂಡದ ಸೂತ್ರ ಇರುತ್ತದೆ, ಕರಗುವುದು ಒಂದೂವರೆ ಪಟ್ಟು ಎಂದು. ಆಗ ಮೂರನೆಯವರ ಪಾಲು 13.08ಕ್ಕೆ ಬೀಳುತ್ತದೆ. ಒಂದು ಸಲದ 12 ಲಕ್ಷಕ್ಕೆ ಇಷ್ಟು. ದಂಡ ಇರಬಾರದು ಎಂದಲ್ಲ, ದುಡ್ಡು ಬಾರದೆ ಕ್ವಾರಿ ನಿಂತರೆ ಎಲ್ಲರಿಗೂ ಪೆಟ್ಟು. ಆದರೆ ಕಂತಿನ ನೋಟಿಸಿಗೆ ಕನಿಷ್ಠ ತಿಂಗಳ ಗಡುವು ಇರಲಿ, ಮುಂದೆ ಬಡ್ಡಿ ಸಮೇತ ಕಟ್ಟಿ ಪಾಲು ಮರಳಿ ಪಡೆಯುವ ಅವಕಾಶವೂ ಇರಲಿ. ಇಲ್ಲದಿದ್ದರೆ ಹಣವಂತರು ಬೇಕೆಂದೇ ಮೇಲಿಂದ ಮೇಲೆ ಕಂತು ಕರೆದು ಚಿಕ್ಕವರನ್ನು ಕರಗಿಸಿಬಿಡಬಹುದು.

ಖನಿಜ ಇದೆಯೋ ಇಲ್ಲವೋ ಗೊತ್ತಿಲ್ಲದ ಕಡೆ ಪಾಲು ಹೇಗೆ ಹಂಚುತ್ತಾರೆ?

ಅನ್ವೇಷಣೆಯ ಹಂತದಲ್ಲಿ ಪಾಲನ್ನು ಗಳಿಸಿಕೊಳ್ಳುವ ಪದ್ಧತಿ ಇದೆ. ಹಕ್ಕು ಒಬ್ಬರದು, ಕೊರೆದು ನೋಡುವ ಖರ್ಚು ಇನ್ನೊಬ್ಬರದು. ಇಷ್ಟು ಖರ್ಚು ಮಾಡಿದರೆ ಇಷ್ಟು ಪಾಲು ಎಂದು ಹಂತ ಹಂತವಾಗಿ ಸಿಗುತ್ತದೆ. ಮಧ್ಯದಲ್ಲಿ ಕೈಬಿಟ್ಟರೆ ಅಲ್ಲಿಯವರೆಗಿನದಷ್ಟೇ, ಅಥವಾ ಏನೂ ಇಲ್ಲ. ಹಕ್ಕುದಾರನ ಪಾಲಿನ ಖರ್ಚನ್ನು ಇನ್ನೊಬ್ಬರು ಹೊತ್ತರೆ ಅದು ಎಲ್ಲಿಯವರೆಗೆ ಎಂಬುದು ಸ್ಪಷ್ಟವಿರಲಿ. ಗಣಿ ಗಿಟ್ಟುತ್ತದೆಯೇ ಎಂಬ ವರದಿ ಬರುವವರೆಗೋ, ಮೊದಲ ಲೋಡ್ ಹೊರಡುವವರೆಗೋ? ಎರಡರ ನಡುವೆ ಕೋಟಿಗಳ ಅಂತರ ಇರುತ್ತದೆ.

ಕುದುರೆಮುಖದಲ್ಲಿ ಇರಾನ್ ದೇಶ ಪಾಲುದಾರ ಆಗಿತ್ತಂತೆ, ನಿಜವೇ?

ಚಿಕ್ಕಮಗಳೂರಿನ ಕಡೆಯವರು ಆಗಾಗ ಕೇಳುತ್ತಾರೆ. ಪಾಲುದಾರ ಆಗಿರಲಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಂಪನಿ ಕೇಂದ್ರ ಸರ್ಕಾರದ್ದು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು, ಸಂಸ್ಕರಿಸಿದ ಅದಿರನ್ನು ಕೊಳ್ಳಲು ಒಪ್ಪಿತ್ತು. ಅಂದರೆ ಸಾಲ ಕೊಡುವವನೂ ಅವನೇ, ಗಿರಾಕಿಯೂ ಅವನೇ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಆಡಳಿತ ಬಿತ್ತು, ಒಪ್ಪಂದ ಮುರಿಯಿತು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಘಟಕ, ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ ಮಾರ್ಗ ಇಟ್ಟುಕೊಂಡು ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಒಬ್ಬನೇ ಗಿರಾಕಿಯನ್ನು ನಂಬಿ ಯಂತ್ರ ಹಾಕುವ ಕ್ವಾರಿಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ನಿಜವಾದ ಪಾಲುದಾರಿಕೆ ಬೇಕೆಂದರೆ ಭದ್ರಾವತಿಯನ್ನು ನೋಡಿ. ಕೆಮ್ಮಣ್ಣುಗುಂಡಿಯ ಅದಿರು ಹೋಗುತ್ತಿದ್ದ ಆ ಉಕ್ಕಿನ ಕಾರ್ಖಾನೆಯಲ್ಲಿ 1962ರಿಂದ ರಾಜ್ಯಕ್ಕೆ 60, ಕೇಂದ್ರಕ್ಕೆ 40ರ ಪಾಲು. 1989ರಲ್ಲಿ ಅದು ಕೇಂದ್ರದ ಉಕ್ಕು ಕಂಪನಿ ಸೇಲ್ (ಎಸ್‌ಎಐಎಲ್) ಕೈಗೆ ಹೋಯಿತು.

ನಾನು ಬರೀ ದುಡ್ಡು ಹಾಕಿದವನು. ಅಪಘಾತ ಆದರೆ ನನಗೇನು?

ಪಾಲುದಾರಿಕೆ ಸಂಸ್ಥೆಯಾದರೆ, ನೀವು ಪಾಲುದಾರರಾಗಿದ್ದಾಗ ಸಂಸ್ಥೆ ಮಾಡಿದ ಎಲ್ಲದಕ್ಕೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಇದು ಪಾಲುದಾರಿಕೆ ಕಾಯ್ದೆಯ 25ನೇ ಕಲಮು. 10ರ ಪಾಲಿನವನ ಆಸ್ತಿಯಿಂದ ಪೂರ್ತಿ ಸಾಲ ವಸೂಲಿ ಮಾಡಬಹುದು, ಆಮೇಲೆ ಅವನು ಉಳಿದವರ ಹತ್ತಿರ ಕೇಳಿಕೊಳ್ಳಬೇಕು. ಗಣಿ ಸುರಕ್ಷತೆಯಲ್ಲೂ ಹೀಗೇ. 1952ರ ಗಣಿ ಕಾಯ್ದೆಯ 76ನೇ ಕಲಮಿನಲ್ಲಿ, ಗಣಿಯ ಮಾಲೀಕ ಸಂಸ್ಥೆಯಾದರೆ ಯಾವ ಪಾಲುದಾರನ ಮೇಲಾದರೂ ಮೊಕದ್ದಮೆ ಹೂಡಬಹುದಿತ್ತು. ಒಬ್ಬರನ್ನು ಹೊಣೆಗಾರರಾಗಿ ಹೆಸರಿಸಿ ತಿಳಿಸಿದ್ದರೆ ಮಾತ್ರ ಉಳಿದವರಿಗೆ ರಕ್ಷಣೆ. ಈಗ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಯಾರು ಹೊಣೆಗಾರ, ಯಾರು ಮ್ಯಾನೇಜರ್ ಎಂದು ಲಿಖಿತವಾಗಿ ತೀರ್ಮಾನಿಸುವ ಅಗತ್ಯ ಹಾಗೇ ಇದೆ.

ಬ್ರೆಜಿಲ್‌ನ ಸಮಾರ್ಕೊ ಗಣಿಯಲ್ಲಿ ವಾಲೆ ಮತ್ತು ಬಿಎಚ್‌ಪಿ ತಲಾ 50 ಇಟ್ಟುಕೊಂಡಿದ್ದವು. ಗಣಿ ನಡೆಸುತ್ತಿದ್ದದ್ದು ಸಮಾರ್ಕೊ ಕಂಪನಿಯೇ. 2015ರ ನವೆಂಬರ್ 5ರಂದು ಗಣಿತ್ಯಾಜ್ಯದ ಅಣೆಕಟ್ಟು ಒಡೆದು 19 ಜನ ಸತ್ತರು, ಕೆಸರು ದೋಸಿ ನದಿಗುಂಟ ಸಮುದ್ರದವರೆಗೆ ಹರಿಯಿತು. ಪರಿಹಾರದ ಹೊರೆ ಎರಡೂ ಪಾಲುದಾರ ಕಂಪನಿಗಳ ಮೇಲೆ ಬಂತು. 2024ರ ಅಕ್ಟೋಬರಿನ ಒಪ್ಪಂದ ಸುಮಾರು 17,000 ಕೋಟಿ ರಿಯಾಲ್‌ಗಳದ್ದು (ಬ್ರೆಜಿಲ್‌ನ ಹಣ). ನಮ್ಮ ಹತ್ತಿರದ್ದೇ ಬೇಕೆಂದರೆ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನ ಸ್ಫೋಟ. ಕ್ವಾರಿ, ಕ್ರಷರ್ ಪ್ರದೇಶದಲ್ಲಿ ಸ್ಫೋಟಕ ಯಾರು ತರುತ್ತಾರೆ, ಎಲ್ಲಿ ಇಡುತ್ತಾರೆ, ಪರವಾನಗಿ ಯಾರದು ಎಂದು ದುಡ್ಡು ಹಾಕಿದವರೂ ಕೇಳಲೇಬೇಕು. ಸಾಯುವವರು ಕೂಲಿಗೆ ಬಂದವರು.

ಪಾಲುದಾರರೊಬ್ಬರು ತೀರಿಕೊಂಡರೆ?

ಪತ್ರದಲ್ಲಿ ಏನೂ ಬರೆಯದಿದ್ದರೆ ಸಂಸ್ಥೆಯೇ ವಿಸರ್ಜನೆ ಆಗುತ್ತದೆ. ಉಳಿದವರು ಮುಂದುವರಿಸಬಹುದು ಎಂಬ ಒಂದು ಸಾಲು ಇರಲೇಬೇಕು. ತೀರಿಕೊಂಡವರ ಪಾಲಿಗೆ ಬೆಲೆ ಕಟ್ಟುವ ವಿಧಾನ, ಎಷ್ಟು ಕಂತಿನಲ್ಲಿ ಕೊಡಬೇಕು ಎಂಬುದೂ ಇರಲಿ. ಪುಸ್ತಕದ ಬೆಲೆ ಎಂದು ಬರೆದರೆ ಹಳೆಯ ಹಿಟಾಚಿಯ ಬೆಲೆ ಮಾತ್ರ ಸಿಗುತ್ತದೆ, ನೆಲದಲ್ಲಿ ಉಳಿದ ಕಲ್ಲಿಗೆ ಕಾಸಿಲ್ಲ. ವ್ಯವಹಾರ ಗೊತ್ತಿಲ್ಲದ ಹೆಂಡತಿ, ಓದುತ್ತಿರುವ ಮಕ್ಕಳು ಆ ಮೇಜಿನ ಮುಂದೆ ಕೂರಬೇಕಾದವರು. ಅವರ ಪರವಾಗಿ ಈಗಲೇ ಚೌಕಾಸಿ ಮಾಡಿ.

ಸಂಸ್ಥೆ ನೋಂದಾಯಿಸಲೇಬೇಕೇ?

ಕಡ್ಡಾಯ ಇಲ್ಲ. ಆದರೆ ನೋಂದಾಯಿಸದ ಸಂಸ್ಥೆ ಜಲ್ಲಿ ಒಯ್ದು ದುಡ್ಡು ಕೊಡದ ಕಂಟ್ರಾಕ್ಟರ್ ಮೇಲೆ ಕರಾರಿನ ದಾವೆ ಹೂಡುವಂತಿಲ್ಲ. ಪಾಲುದಾರ ಪಾಲುದಾರನ ಮೇಲೂ ಹೂಡುವಂತಿಲ್ಲ. ನೋಂದಾಯಿಸಿ.

ಕಲ್ಲು ಮುಗಿದ ಮೇಲೆ ಗುಂಡಿ ಯಾರದು?

ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟು, ಅದರ ಹಿಂದೆ ತುಂಬಿದ ಗಣಿಕೆಸರು ಇಂದಿಗೂ ಅಲ್ಲೇ ಇದೆ. ಅದಿರಿನ ಹಣ ನಿಂತ ಮೇಲೂ ಅದನ್ನು ಕಾಯುವ ಖರ್ಚು ನಿಲ್ಲುವುದಿಲ್ಲ. ಕ್ವಾರಿಯಲ್ಲೂ ಗುಂಡಿಗೆ ಬೇಲಿ ಹಾಕಿಸಬೇಕು, ಕಡಿದಾದ ಅಂಚನ್ನು ಮೆಟ್ಟಿಲಾಗಿ ಇಳಿಸಬೇಕು, ಮೇಲ್ಮಣ್ಣು ಹರಡಿ ಗಿಡ ನೆಡಬೇಕು. ಮಳೆಗಾಲದಲ್ಲಿ ನೀರು ತುಂಬಿದ ಹಳೆಯ ಕ್ವಾರಿಗೆ ಈಜಲು ಇಳಿಯುವುದು ಪಕ್ಕದೂರಿನ ಹುಡುಗರೇ.

ಕೊನೆಯ ವರ್ಷ ಈ ಹಣ ಯಾರೂ ಹಾಕುವುದಿಲ್ಲ, ಆಗ ಲಾಭವೂ ಇರುವುದಿಲ್ಲ, ಒಳ್ಳೆಯ ಮಾತೂ ಉಳಿದಿರುವುದಿಲ್ಲ. ಮೊದಲ ಲೋಡಿನಿಂದಲೇ ಟನ್ನಿಗೆ ಇಷ್ಟು ಎಂದು ಬೇರೆ ಖಾತೆಗೆ ತೆಗೆದಿಡಿ, ಲಾಭ ಹಂಚುವ ಮೊದಲು. ಆ ಖಾತೆಗೆ ವರ್ಕಿಂಗ್ ಪಾರ್ಟ್‌ನರ್ ಜೊತೆ ಜಮೀನಿನವರ ಸಹಿಯೂ ಇರಲಿ. ನಡುವೆ ಪಾಲು ಬಿಟ್ಟು ಹೋಗುವವರು ತಮ್ಮ ಕಾಲದಲ್ಲಿ ತೋಡಿದ ಅಷ್ಟು ಟನ್ನಿನ ಹಣವನ್ನು ಅಲ್ಲೇ ಬಿಟ್ಟು ಹೋಗಬೇಕು ಎಂದು ಬರೆಯಿರಿ. ಬಿಟ್ಟು ಹೋದದ್ದನ್ನು ರಿಜಿಸ್ಟ್ರಾರ್‌ಗೆ ತಿಳಿಸಿ, ರಾಜ್ಯಪತ್ರದಲ್ಲಿ, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ. ಅಲ್ಲಿಯವರೆಗೆ ಹೊರಗಿನವರ ಲೆಕ್ಕದಲ್ಲಿ ಅವರು ಪಾಲುದಾರರೇ.